ಕೇಸ್ ಗೆದ್ದರು, ಕುರ್ಚಿ ಸಿಗಲಿಲ್ಲ: ಹಾಗಾದರೆ ಬೊಮ್ಮಾಯಿ ತೀರ್ಪಿನಿಂದ ಆಗಿದ್ದೇನು?

ಕಟ್ಟೆಪುರಾಣ

ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡೋನು ನಾನು. ಮೊನ್ನೆ 356ನೇ ವಿಧಿ ಪಾಠ, ರಾಜ್ಯ ಸರ್ಕಾರ ಇಳಿಸಿ ರಾಷ್ಟ್ರಪತಿ ಆಳ್ವಿಕೆ ಹೇರೋದು. ಎಸ್.ಆರ್. ಬೊಮ್ಮಾಯಿ ಪ್ರಕರಣ, 1994ರ ಮಾರ್ಚ್ 11, ಒಂಬತ್ತು ನ್ಯಾಯಮೂರ್ತಿಗಳ ಪೀಠ, ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ತೀರ್ಮಾನ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ. ಇಷ್ಟನ್ನು ಬೋರ್ಡ್ ಮೇಲೆ ಬರೆದು ಕೈ ಒರೆಸಿಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾರ್, ಕೇಸ್ ಗೆದ್ದರು ಅಂತೀರಿ. ಮತ್ತೆ ಮುಖ್ಯಮಂತ್ರಿ ಆದರಾ?"

ಇಲ್ಲಮ್ಮ, ಅಷ್ಟರಲ್ಲಿ ಐದು ವರ್ಷ ಆಗಿತ್ತು ಅಂದೆ.

"ಹಾಗಾದ್ರೆ ಗೆದ್ದಿದ್ದು ಏನನ್ನ ಸಾರ್?"

ಬೆಲ್ ಹೊಡೆಯಿತು, ಬಚಾವಾದೆ. ಆದರೆ ಪ್ರಶ್ನೆ ಮನೆವರೆಗೂ ಬಂತು. ಹಳೇ ತೀರ್ಪೊಂದು ಮುಂದಿನ ರಾಜಕೀಯವನ್ನು ನಿಜವಾಗಿ ಕಟ್ಟಿಹಾಕುತ್ತದಾ, ಅಥವಾ ನಾವು ಪಾಠದಲ್ಲಿ ಹೇಳಿಕೊಂಡು ಸಮಾಧಾನ ಪಡೋದಾ? ಇಲ್ಲಿ ವಕೀಲರಿದ್ದೀರಿ, ಆ ಕಾಲ ಕಂಡವರೂ ಇದ್ದೀರಿ. ಹೇಳಿ.

ಗಿರಮಿಟ್

ಸರ್, ಆಗ ನಾ ಹುಬ್ಬಳ್ಳ್ಯಾಗ ಕಾಲೇಜ ಓದ್ತಿದ್ದೆ. ಬೊಮ್ಮಾಯಿಯವರು ನಮ್ಮ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕರು. 1988ರ ಆಗಸ್ಟಿನ್ಯಾಗ ಹೆಗಡೆಯವರು ಇಳದ ಮ್ಯಾಲೆ ಇವರು ಮುಖ್ಯಮಂತ್ರಿ ಆದ್ರು. ಎಂಟು ತಿಂಗಳಾ ಅಷ್ಟ. ಮುಂದಿನ ಏಪ್ರಿಲ್‌ದಾಗ ಆದದ್ದು ಈಗಿನ ಹುಡುಗರಿಗೆ ಕಥಿ ಅನ್ನಿಸ್ತದ.

ಏಪ್ರಿಲ್ 17ಕ್ಕ ಮೊಳಕೇರಿ ಅನ್ನೋ ಶಾಸಕರು ಪಕ್ಷ ಬಿಟ್ಟು ರಾಜಭವನಕ್ಕ ಹೋದ್ರು. ಕೈಯಾಗ 19 ಶಾಸಕರ ಪತ್ರ. ಬೆಂಬಲ ವಾಪಸ್ ಅಂತ. ರಾಜ್ಯಪಾಲ ವೆಂಕಟಸುಬ್ಬಯ್ಯನವರು ಸಚಿವಾಲಯದವರನ್ನ ಕರಸಿ ಸಹಿ ಖರೇ ಅವ ಇಲ್ಲೋ ಅಂತ ನೋಡಿಸಿದ್ರು. 19ಕ್ಕ ದಿಲ್ಲಿಗೆ ವರದಿ ಹೋತು. ಮರುದಿನ ಏನಾತು ಗೊತ್ತೇನ್ರಿ? ಆ 19 ಮಂದ್ಯಾಗ 7 ಮಂದಿ ಉಲ್ಟಾ ಪತ್ರ ಬರದ್ರು, ನಮಗ ಸುಳ್ಳ ಹೇಳಿ ಸಹಿ ಮಾಡಿಸ್ಕೊಂಡಾರ, ನಾವು ಸರ್ಕಾರದ ಕೂಡನ ಇದ್ದೀವಿ ಅಂತ. ಅವತ್ತ ಸಂಪುಟ ಕೂಡಿ 27ಕ್ಕ ಅಧಿವೇಶನ ಅಂತ ಠರಾಯಿಸಿತು. ಬೇಕಾದ್ರ ಇನ್ನೂ ಮೊದಲ ಕರೀತೀನಿ, ಸದನದಾಗ ತೋರಸ್ತೀನಿ ಅಂತ ಬೊಮ್ಮಾಯಿಯವರು ರಾಜ್ಯಪಾಲರಿಗೆ ಹೇಳಿದ್ರು, ರಾಷ್ಟ್ರಪತಿಗೆ ಟೆಲೆಕ್ಸ್ ಸಂದೇಶ ಸುದ್ದಾ ಕಳಿಸಿದ್ರು. ರಾಜ್ಯಪಾಲರು ಏನ ಬರದ್ರು? ಆ ಏಳು ಮಂದಿಗೆ ಒತ್ತಡ ಹಾಕಿ ಬರಸ್ಯಾರ, ಕುದುರೆ ವ್ಯಾಪಾರ ನಡದದ ಅಂತ ಎರಡನೇ ವರದಿ. 21ಕ್ಕ ರಾಷ್ಟ್ರಪತಿ ಆಳ್ವಿಕೆ.

27 ಬರಲೇ ಇಲ್ಲ ನೋಡ್ರಿ. ಆರು ದಿನ ಕಾಯಲಿಕ್ಕೆ ಆಗಲಿಲ್ಲ ಅವರಿಗೆ.

ತಯಾರಿಯಲ್ಲಿದ್ದೇನೆ

ಕೆಎಎಸ್ ಓದುತ್ತಿದ್ದೇನೆ. ಒಂದು ಡೌಟು. ಹೈಕೋರ್ಟ್ ಏನು ಹೇಳಿತ್ತು? ನೋಟ್ಸ್‌ನಲ್ಲಿ ಸುಪ್ರೀಂ ಕೋರ್ಟ್ ಮಾತ್ರ ಇದೆ.

ಕಪ್ಪುಕೋಟು

ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಬೊಮ್ಮಾಯಿಯವರ ರಿಟ್ ಅರ್ಜಿಯನ್ನು ವಜಾ ಮಾಡಿತ್ತು. ವರದಿ ಕಳಿಸುವ ಮುಂಚೆ ಸದನದಲ್ಲಿ ಬಲಪರೀಕ್ಷೆ ಆಗಲೇಬೇಕು ಅನ್ನುವ ಕಡ್ಡಾಯವೇನಿಲ್ಲ ಅಂದಿತ್ತು. ಹೈಕೋರ್ಟನ್ನು ಬೈಯುವ ಮುಂಚೆ ಅವರ ಮುಂದೆ ಏನಿತ್ತು ನೋಡಬೇಕು. 1977ರ ರಾಜಸ್ಥಾನ ಕೇಸು. ತುರ್ತುಪರಿಸ್ಥಿತಿ ಮುಗಿದು ಜನತಾ ಸರ್ಕಾರ ಬಂದಾಗ, ಲೋಕಸಭೆಯಲ್ಲಿ ಸೋತಿದ್ದೀರಿ, ಜನರ ವಿಶ್ವಾಸ ಹೋಗಿದೆ ಅಂತ ಒಂಬತ್ತು ಕಾಂಗ್ರೆಸ್ ರಾಜ್ಯಗಳ ವಿಧಾನಸಭೆಗೆ ಕೈ ಹಾಕಿದ್ದರು. ಸುಪ್ರೀಂ ಕೋರ್ಟಿನ ಏಳು ಜನ ಕೂತು, ಇದು ರಾಜಕೀಯ ತೀರ್ಮಾನ, ನಾವು ಬರುವುದಿಲ್ಲ ಅಂದರು. 1980ರಲ್ಲಿ ಇಂದಿರಾ ಗಾಂಧಿ ವಾಪಸ್ ಬಂದವರು ಏನು ಮಾಡಿದರು? ಅದೇ ಒಂಬತ್ತು ಅನ್ನುವ ಸಂಖ್ಯೆ, ಅದೇ ವಾದ, ಈ ಸಲ ಎದುರು ಪಕ್ಷದ ರಾಜ್ಯಗಳು. ಪೂರ್ವತೀರ್ಪು ರಾಜಕೀಯವನ್ನು ಹೇಗೆ ರೂಪಿಸುತ್ತದೆ ಅಂತ ಕೇಳಿದಿರಲ್ಲ ಮೇಷ್ಟ್ರೇ, ಇದೇ ಮೊದಲ ಉತ್ತರ. ಒಬ್ಬರು ಮಾಡಿ ದಕ್ಕಿಸಿಕೊಂಡರೆ ಇನ್ನೊಬ್ಬರಿಗೆ ಅದು ರಹದಾರಿ.

ಆದರೆ ಆ 1977ರ ತೀರ್ಪಿನಲ್ಲೇ ಒಂದು ಸಂದು ಇತ್ತು. ಅಧಿಕಾರವನ್ನು ದುರುದ್ದೇಶದಿಂದ ಅಥವಾ ಪೂರ್ತಿ ಸಂಬಂಧವಿಲ್ಲದ ಕಾರಣಕ್ಕೆ ಬಳಸಿದ್ದರೆ ನಾವು ನೋಡಬಹುದು ಅಂತ. ಆ ದಿನ ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗ ಆಗಲಿಲ್ಲ. ಬೊಮ್ಮಾಯಿ ಪೀಠ ಅದೇ ಸಂದಿಗೆ ಹಾರೆ ಹಾಕಿ ಬಾಗಿಲು ಮಾಡಿತು. ಏಳು ಜನರ ತೀರ್ಪನ್ನು ಮೀರಬೇಕಾದರೆ ಅದಕ್ಕಿಂತ ದೊಡ್ಡ ಪೀಠ ಬೇಕು, ಅದಕ್ಕೇ ಒಂಬತ್ತು.

ಸಂಶಯಾತ್ಮ

ಎಲ್ಲ ಚೆನ್ನಾಗಿದೆ. ಆದರೆ ಆ ಹುಡುಗಿ ಕೇಳಿದ್ದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. 1989ರ ನವೆಂಬರ್‌ನಲ್ಲಿ ಚುನಾವಣೆ ಆಯಿತು, ವೀರೇಂದ್ರ ಪಾಟೀಲರು ಬಂದರು, ಬಂಗಾರಪ್ಪ ಬಂದರು, ಮೊಯ್ಲಿ ಬಂದರು. ತೀರ್ಪು ಬಂದಾಗ ಬೊಮ್ಮಾಯಿಯವರ ಆ ವಿಧಾನಸಭೆಯೇ ಇರಲಿಲ್ಲ. ಕೋರ್ಟೇ ಹೇಳಿತು, ಚುನಾವಣೆ ಆಗಿಹೋಗಿದೆ, ಈಗ ಪರಿಹಾರ ಕೊಡುವ ಮಾತಿಲ್ಲ ಅಂತ. ಮದುವೆ ಮುಗಿದು ಚಪ್ಪರ ಬಿಚ್ಚಿದ ಮೇಲೆ ಮುಹೂರ್ತ ಸರಿಯಿರಲಿಲ್ಲ ಅಂದ ಹಾಗೆ.

ಇನ್ನೊಂದು. ಆ ಕೇಸಿನಲ್ಲಿ ಬರೀ ಕರ್ನಾಟಕ ಇರಲಿಲ್ಲ. ನಾಗಾಲ್ಯಾಂಡ್, ಮೇಘಾಲಯ ಇದ್ದವು. ಅಲ್ಲಿಯ ಘೋಷಣೆಯೂ ಅಸಾಂವಿಧಾನಿಕ ಅಂದರು. 1992ರ ಡಿಸೆಂಬರ್‌ನಲ್ಲಿ ಬಾಬರಿ ಮಸೀದಿ ಬಿದ್ದ ಮೇಲೆ ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶವೂ ಇದ್ದವು. ಅದನ್ನು ಎತ್ತಿಹಿಡಿದರು, ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪ ಅಂತ. ಅಂದರೆ ಒಂದೇ ತೀರ್ಪನ್ನು ತೋರಿಸಿ ವಜಾ ತಪ್ಪು ಅಂತಲೂ ವಾದಿಸಬಹುದು, ವಜಾ ಸರಿ ಅಂತಲೂ ವಾದಿಸಬಹುದು. ಇದನ್ನು ಕಟ್ಟು ಅಂತ ಹೇಗೆ ಕರೆಯೋದು?

ಕಪ್ಪುಕೋಟು

ಸಂಶಯಾತ್ಮರ ಕೊನೆಯ ಮಾತು ಸರಿ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಆ ಒಂಬತ್ತು ಜನ ಆರು ಬೇರೆ ಬೇರೆ ತೀರ್ಪು ಬರೆದರು. ಕರ್ನಾಟಕದ ಘೋಷಣೆ ತಪ್ಪು ಅಂದವರು ಐವರು. ಆರೂ ಓದಿ, ಎಲ್ಲಿ ಯಾರಿಗೆ ಯಾರು ಒಪ್ಪಿದರು ಅಂತ ಲೆಕ್ಕ ಹಾಕಿದರೇ ತಿರುಳು ಸಿಗೋದು. ನಾವು ಅದಕ್ಕೆ ರೇಷಿಯೊ ಅಂತೀವಿ. 141ನೇ ವಿಧಿ ಪ್ರಕಾರ ಎಲ್ಲ ಕೋರ್ಟುಗಳನ್ನು ಕಟ್ಟಿಹಾಕೋದು ಆ ತಿರುಳೇ. ಉಳಿದದ್ದು ಮಾತಿಗೆ ಬಂದ ಮಾತು, ಗೌರವ ಇದೆ, ಕಟ್ಟು ಇಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಅವಮಾನದಿಂದ ಕಲಿತೆ. ಸನ್ನದು ಸಿಕ್ಕ ಎರಡನೇ ವರ್ಷ. ಒಂದು ಸ್ವಾಧೀನದ ದಾವೆ, ನನ್ನ ಕಕ್ಷಿದಾರನ ಪರವಾಗಿ ಹಾಲು ಕುಡಿದಷ್ಟು ಸಲೀಸಾದ ಸೈಟೇಷನ್, ಅಂದರೆ ಹಳೇ ತೀರ್ಪು, ಸಿಕ್ಕಿದೆ ಅಂತ ಕುಣಿಯುತ್ತಾ ಹೋದೆ. ತೀರ್ಪಿನ ತಲೆಯಲ್ಲಿರುವ ಸಾರಾಂಶ, ಅದೇ ಹೆಡ್‌ನೋಟ್, ಜೋರಾಗಿ ಓದಿದೆ. ಸಾಹೇಬರು ಕನ್ನಡಕ ಕೆಳಗಿಳಿಸಿ, "ಪ್ಯಾರಾ ಎಷ್ಟು ವಕೀಲರೇ?" ಅಂದರು. ನನ್ನ ಹತ್ತಿರ ಪ್ಯಾರಾ ಇರಲಿಲ್ಲ, ಹೆಡ್‌ನೋಟಿನ ಜೆರಾಕ್ಸ್ ಮಾತ್ರ ಇತ್ತು. ಎದುರು ಪಕ್ಷದ ಹಿರಿಯರು ನಿಧಾನಕ್ಕೆ ಎದ್ದು, "ಸ್ವಾಮಿ, ಆ ಕೇಸಿನಲ್ಲಿ ಕ್ರಯಪತ್ರ ರಿಜಿಸ್ಟರ್ ಆಗಿತ್ತು, ಇಲ್ಲಿ ಆಗಿಲ್ಲ" ಅಂದರು. ಒಂದೇ ಸಾಲು. ನನ್ನ ಸೈಟೇಷನ್ ಟೇಬಲ್ ಮೇಲೇ ಸತ್ತಿತು. ಸಂಗತಿ ಬೇರೆ ಅಂತ ತೋರಿಸಿಬಿಟ್ಟರೆ ಎಂಥ ದೊಡ್ಡ ತೀರ್ಪಾದರೂ ಪಕ್ಕಕ್ಕೆ ಸರಿಯುತ್ತದೆ. ಅವತ್ತಿನಿಂದ ಹೆಡ್‌ನೋಟ್ ಅಂದರೆ ನನಗೆ ಅಲರ್ಜಿ.

ರಾಜಕಾರಣಿಗಳ ಹಿಂದೆ ಇರುವ ವಕೀಲರು ಮಾಡುವುದೂ ಇದನ್ನೇ. ನಮ್ಮ ಸಂಗತಿ ಬೊಮ್ಮಾಯಿ ಸಂಗತಿಯಲ್ಲ ಅಂತ ತೋರಿಸುವ ದಾರಿ ಹುಡುಕುತ್ತಾರೆ.

ತಯಾರಿಯಲ್ಲಿದ್ದೇನೆ

ಪರೀಕ್ಷೆಗೆ "ಬೊಮ್ಮಾಯಿ ನಂತರ 356ರ ಬಳಕೆ ಕಡಿಮೆಯಾಯಿತು" ಅಂತ ಬರೆಯಬಹುದಾ?

ಕಟ್ಟೆಪುರಾಣ

ಬರೆಯಬಹುದು, ಆದರೆ ಹೇಗೆ ಕಡಿಮೆಯಾಯಿತು ಅಂತ ಬರೆದರೆ ಮಾರ್ಕ್ಸ್ ಜಾಸ್ತಿ. ಕೋರ್ಟಿಗೆ ಹೋಗದೆಯೇ ಆ ತೀರ್ಪು ಕೆಲಸ ಮಾಡಿದ ಪ್ರಸಂಗಗಳೇ ನನಗೆ ಇಷ್ಟ. 1997ರ ಅಕ್ಟೋಬರ್‌ನಲ್ಲಿ ಗುಜ್ರಾಲ್ ಸಂಪುಟ ಉತ್ತರ ಪ್ರದೇಶಕ್ಕೆ ರಾಷ್ಟ್ರಪತಿ ಆಳ್ವಿಕೆ ಶಿಫಾರಸು ಮಾಡಿತು. ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಕಡತವನ್ನು ಮರುಪರಿಶೀಲನೆಗೆ ವಾಪಸ್ ಕಳಿಸಿದರು. ಸಂಪುಟ ಸುಮ್ಮನಾಯಿತು. ಮರುವರ್ಷ ವಾಜಪೇಯಿ ಸಂಪುಟ ಬಿಹಾರದ ಬಗ್ಗೆ ಕಳಿಸಿತು. ಅದೂ ವಾಪಸ್.

1999ರ ಫೆಬ್ರುವರಿಯಲ್ಲಿ ಬಿಹಾರಕ್ಕೆ ಮತ್ತೆ ಹೇರಿದರು, ಈ ಸಲ ಆಯಿತು. ಆದರೆ ಸಂಸತ್ತಿನ ಎರಡೂ ಸದನ ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜನೆ ಮಾಡುವಂತಿಲ್ಲ, ಅಮಾನತಿನಲ್ಲಿ ಇಡಬಹುದು ಅಷ್ಟೇ ಅಂತ ಬೊಮ್ಮಾಯಿ ತೀರ್ಪು ಹೇಳಿತ್ತಲ್ಲ? ರಾಜ್ಯಸಭೆಯಲ್ಲಿ ಸರ್ಕಾರಕ್ಕೆ ಸಂಖ್ಯೆ ಇರಲಿಲ್ಲ. ಮಾರ್ಚ್‌ನಲ್ಲಿ ಘೋಷಣೆ ವಾಪಸ್ ಪಡೆದರು, ವಜಾ ಆಗಿದ್ದ ಮುಖ್ಯಮಂತ್ರಿ ರಾಬ್ಡಿದೇವಿ ಮತ್ತೆ ಬಂದು ಕೂತರು. ವಿಧಾನಸಭೆ ಜೀವಂತ ಇದ್ದದ್ದಕ್ಕೇ ಆಕೆಗೆ ವಾಪಸ್ ಬರಲಿಕ್ಕೊಂದು ಮನೆ ಇತ್ತು. ಬೊಮ್ಮಾಯಿಯವರಿಗೆ ಇಲ್ಲದಿದ್ದದ್ದು ಅದೇ.

ಇದನ್ನು ಬರೆಯುತ್ತಾ ಬರೆಯುತ್ತಾ ನನಗೇ ಹುಡುಗಿಗೆ ಹೇಳಬಹುದಾದ ಉತ್ತರದ ಅರ್ಧ ಹೊಳೆಯಿತು. ಅವರು ಗೆದ್ದದ್ದು ಪಾಟ್ನಾದಲ್ಲಿ ಯಾರಿಗೋ ಸಿಕ್ಕಿತು.

ಸಂಶಯಾತ್ಮ

ಪಾಟ್ನಾ ಅಂದಿರಿ, ಅದೇ ಪಾಟ್ನಾಗೆ ಬನ್ನಿ. 2005ರ ಮೇ. ರಾಜ್ಯಪಾಲ ಬೂಟಾ ಸಿಂಗ್ ವರದಿ, ಕುದುರೆ ವ್ಯಾಪಾರ ನಡೀತಿದೆ, ವಿಸರ್ಜನೆ ಮಾಡಿ. ಗಿರಮಿಟ್ ಅವರ ಪೋಸ್ಟ್ ಓದಿದಾಗ ಇದೇ ಪದ ಇತ್ತಲ್ಲ? ಹದಿನಾರು ವರ್ಷದ ನಂತರ ಅದೇ ಪದ, ಮಧ್ಯದಲ್ಲಿ ಒಂಬತ್ತು ಜನರ ತೀರ್ಪು ಬಂದು ಹೋದರೂ. ಸುಪ್ರೀಂ ಕೋರ್ಟ್ 3:2ರಲ್ಲಿ ವಿಸರ್ಜನೆ ಅಸಾಂವಿಧಾನಿಕ ಅಂದಿತು, ಆದರೆ ಚುನಾವಣೆ ಪ್ರಕ್ರಿಯೆ ಶುರುವಾಗಿದೆ, ನಡೀಲಿ ಅಂದಿತು. ಮತ್ತೆ ಮುಹೂರ್ತ, ಮತ್ತೆ ಚಪ್ಪರ.

ಗಿರಮಿಟ್

ಅಲ್ರೀ ಸಂಶಯಾತ್ಮರ, ನಿಮ್ಮ ಹೆಸರಿಗೆ ತಕ್ಕಂಗ ಇದ್ದೀರಿ ಬಿಡ್ರಿ. 2016ರ ಉತ್ತರಾಖಂಡ ಮರತ್ರೇನು? ಮಾರ್ಚ್ 28ಕ್ಕ ಬಲಪರೀಕ್ಷೆ ಇತ್ತು, 27ಕ್ಕ ರಾಷ್ಟ್ರಪತಿ ಆಳ್ವಿಕೆ ಹಾಕಿದ್ರು. ಒಂದ ದಿನ ಮೊದಲ! ನಮ್ಮ 1989ರಂಗನ. ಆದ್ರ ಈ ಸಲ ಹೈಕೋರ್ಟು ಅದನ್ನ ರದ್ದ ಮಾಡ್ತು, ಸುಪ್ರೀಂ ಕೋರ್ಟು ಮೇ 10ಕ್ಕ ಸದನದಾಗ ಎಣಿಸ್ರಿ ಅಂತು, ಮುಖ್ಯಮಂತ್ರಿ ಹರೀಶ್ ರಾವತ್ 33ಕ್ಕ 28ರಿಂದ ಗೆದ್ದ ವಾಪಸ್ ಬಂದ್ರು. ಐದು ವರ್ಷ ಹಿಡದಿದ್ದು ಆರ ವಾರಕ್ಕ ಬಂತು. ಇದು ಬದಲಾವಣಿ ಅಲ್ಲೇನು?

ನಮ್ಮ ರಾಜ್ಯದ 2018 ನೋಡ್ರಿ. ಬಿಜೆಪಿ 104, ದೊಡ್ಡ ಪಕ್ಷ. ಕಾಂಗ್ರೆಸ್ಸು, ಜೆಡಿಎಸ್ಸು ಕೂಡಿದ್ರ ಜಾಸ್ತಿ. ರಾಜ್ಯಪಾಲ ವಾಲಾ ಅವರು ಯಡಿಯೂರಪ್ಪನವರಿಗೆ 15 ದಿನ ಕೊಟ್ರು. ರಾತ್ರಿ ಎರಡರ ಸುಮಾರಿಗೆ ಕೋರ್ಟು ಕೂತು ಬೆಳಗಾಗೂತನಕ ಕೇಳಿತು. ಪ್ರಮಾಣವಚನ ನಿಲ್ಲಸಲಿಲ್ಲ. ಆದ್ರ ಮೇ 18ಕ್ಕ ಹೇಳಿತು, ನಾಳೆ ಸಂಜಿ ನಾಕಕ್ಕ ಸದನದಾಗ ತೋರಸ್ರಿ. 15 ದಿನ ಹೋಗಿ ಒಂದ ದಿನ ಆತು. ಮತಕ್ಕ ಹಾಕೂಕಿಂತ ಮೊದಲ ಅವರು ರಾಜೀನಾಮೆ ಕೊಟ್ರು. ಆ ದಿನ ಟಿವಿ ಮುಂದ ಕೂತು ನಾ ನಮ್ಮ ಬೊಮ್ಮಾಯಿಯವರನ್ನ ನೆನೆಸಿಕೊಂಡೆ. 2007ರಾಗ ತೀರಿಕೊಂಡ್ರು, ಇದನ್ನ ನೋಡಲಿಲ್ಲ.

ಮಾಡರೇಟರ್

ಇಬ್ಬರು ಸದಸ್ಯರ ಪೋಸ್ಟ್ ತೆಗೆದಿದ್ದೇವೆ. ಯಾವ ಪಕ್ಷ ಸಾಚಾ ಅನ್ನುವ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಹೊಡೆದಾಡಿ.

ಕಪ್ಪುಕೋಟು

ನನ್ನ ಅನುಮಾನ ಬೇರೆ ಕಡೆ ಇದೆ, ಹೇಳಿಬಿಡುತ್ತೇನೆ. ದಿಲ್ಲಿಯಿಂದ ಒಂದು ಆದೇಶ ಹೊರಡಿಸಿ ಸರ್ಕಾರ ಇಳಿಸೋದು ಬೊಮ್ಮಾಯಿ ತೀರ್ಪಿನಿಂದ ದುಬಾರಿಯಾಯಿತು. ಎಲ್ಲವೂ ಸದನದ ಎಣಿಕೆಗೆ ಬಂದು ನಿಂತಿತು. ಎಣಿಕೆಯೇ ಮುಖ್ಯ ಅಂದಮೇಲೆ ಎಣಿಸುವ ತಲೆಗಳಿಗೆ ಬೆಲೆ ಬಂತು. ರೆಸಾರ್ಟ್ ಬಸ್ಸುಗಳು ಸುಮ್ಮನೆ ಓಡಲಿಲ್ಲ.

ಪಕ್ಷಾಂತರ ಕಾಯ್ದೆ 1985ರಿಂದಲೇ ಇತ್ತು. ಆದರೆ ರಾಜೀನಾಮೆ ಕೊಟ್ಟರೆ? ಪಕ್ಷದ ವಿರುದ್ಧ ಮತ ಹಾಕಿದ ಹಾಗಾಗಲಿಲ್ಲ, ಸದನದ ಬಲ ಇಳಿಯಿತು, ಬಹುಮತದ ಗೆರೆಯೂ ಇಳಿಯಿತು. 2008ರಲ್ಲಿ ಪತ್ರಿಕೆಗಳು 'ಆಪರೇಷನ್ ಕಮಲ' ಅಂತ ಕರೆದದ್ದು ಈ ಲೆಕ್ಕವನ್ನೇ. 2019ರ ಜುಲೈನಲ್ಲಿ ಅದೇ ಲೆಕ್ಕ ದೊಡ್ಡದಾಗಿ ಬಂತು. ರಾಜೀನಾಮೆ ಕೊಟ್ಟ ಶಾಸಕರನ್ನು ಕಲಾಪಕ್ಕೆ ಬನ್ನಿ ಅಂತ ಬಲವಂತ ಮಾಡಬಾರದು ಅಂತ ಸುಪ್ರೀಂ ಕೋರ್ಟು 17ಕ್ಕೆ ಮಧ್ಯಂತರ ಆದೇಶ ಕೊಟ್ಟಿತು. 23ಕ್ಕೆ ಕುಮಾರಸ್ವಾಮಿ ಸರ್ಕಾರ 99ಕ್ಕೆ 105ರಿಂದ ಬಿತ್ತು. ಬೊಮ್ಮಾಯಿ ತೀರ್ಪಿಗೆ ಕೂದಲೆಳೆಯಷ್ಟೂ ಭಂಗ ಬರಲಿಲ್ಲ ಗಮನಿಸಿ. ಸದನದಲ್ಲೇ, ಎಲ್ಲರ ಕಣ್ಣೆದುರೇ, ಲೆಕ್ಕ ಹಾಕಿಯೇ ಇಳಿಸಿದರು.

ಸ್ಪೀಕರ್ ರಮೇಶ್ ಕುಮಾರ್ 17 ಜನರನ್ನು ಅನರ್ಹ ಮಾಡಿದರು, ವಿಧಾನಸಭೆ ಅವಧಿ ಮುಗಿಯುವವರೆಗೆ ಸ್ಪರ್ಧಿಸುವಂತಿಲ್ಲ ಅಂದರು. ನವೆಂಬರ್ 13ಕ್ಕೆ ಕೋರ್ಟು ಅನರ್ಹತೆ ಸರಿ, ಸ್ಪರ್ಧೆಗೆ ಅಡ್ಡಿ ಹಾಕೋ ಅಧಿಕಾರ ಸ್ಪೀಕರ್‌ಗೆ ಇಲ್ಲ ಅಂದಿತು. ಡಿಸೆಂಬರ್ 5ಕ್ಕೆ 15 ಕ್ಷೇತ್ರಕ್ಕೆ ಉಪಚುನಾವಣೆ, ಬಿಜೆಪಿಗೆ 12. ಕಾನೂನು ಓದಿದವನಾಗಿ ನನಗೆ ಆ ತೀರ್ಪಿನಲ್ಲಿ ತಪ್ಪು ಕಾಣಲಿಲ್ಲ. ಆದರೆ ಅದನ್ನು ಓದಿ ಮುಂದಿನವರು ಏನು ಕಲಿಯುತ್ತಾರೆ ಅಂತ ಯೋಚಿಸಿ. ದಂಡ ಎಷ್ಟು ಅಂತ ಗೊತ್ತಾದ ಮೇಲೆ ಅದು ದಂಡವಲ್ಲ, ಖರ್ಚು.

ಕಟ್ಟೆಪುರಾಣ

ಕಪ್ಪುಕೋಟು ಅವರೇ, ಇದಕ್ಕೆ ಇನ್ನೊಂದು ಮುಖವೂ ನಮ್ಮಲ್ಲೇ ಇದೆ. ಸರ್ಕಾರಗಳು ತೀರ್ಪಿನಿಂದ ಬರೀ ಕಳ್ಳದಾರಿ ಕಲಿಯುತ್ತವೆ ಅಂತಲ್ಲ. 1991 ನೆನಪಿಸಿಕೊಳ್ಳಿ. ಕಾವೇರಿ ನ್ಯಾಯಮಂಡಳಿ ಜೂನ್ 25ಕ್ಕೆ ಮಧ್ಯಂತರ ಆದೇಶ ಕೊಟ್ಟು ತಮಿಳುನಾಡಿಗೆ 205 ಟಿಎಂಸಿ ಬಿಡಿ ಅಂದಿತು. ಬಂಗಾರಪ್ಪನವರು ಒಂದೇ ತಿಂಗಳಲ್ಲಿ ಆ ಆದೇಶವನ್ನು ಮೀರಲಿಕ್ಕೆ ಸುಗ್ರೀವಾಜ್ಞೆ ತಂದರು. ಊರೆಲ್ಲ ಭಲೇ ಅಂದಿತು, ನಾನೂ ಅಂದಿದ್ದೆ. ನವೆಂಬರ್ 22ಕ್ಕೆ ಸುಪ್ರೀಂ ಕೋರ್ಟ್ ಅದು ಊರ್ಜಿತವಲ್ಲ ಅಂತ ಅಭಿಪ್ರಾಯ ಕೊಟ್ಟಿತು. ತೀರ್ಪು ನಿಂತಿರುವ ಬುನಾದಿಯನ್ನು ಶಾಸಕಾಂಗ ಬದಲಿಸಬಹುದು, ತೀರ್ಪನ್ನೇ ಒಂದು ಕಾಯ್ದೆ ಬರೆದು ಅಳಿಸಿಹಾಕುವಂತಿಲ್ಲ ಅಂತ.

ಈಗ 2017ಕ್ಕೆ ಬನ್ನಿ. ಮೀಸಲಾತಿಯಲ್ಲಿ ಬಡ್ತಿ ಪಡೆದವರ ಜ್ಯೇಷ್ಠತೆಯ ಕಾಯ್ದೆ, 2002ರದ್ದು. ಬಿ.ಕೆ. ಪವಿತ್ರ ಪ್ರಕರಣದಲ್ಲಿ ಫೆಬ್ರುವರಿ 9ಕ್ಕೆ ಬಿದ್ದುಹೋಯಿತು. ಕಾರಣ, 2006ರ ನಾಗರಾಜ್ ತೀರ್ಪು ಕೇಳಿದ್ದ, ಆ ವರ್ಗಗಳ ಪ್ರಾತಿನಿಧ್ಯ ಸಾಲದು ಅಂತ ತೋರಿಸುವ ಅಂಕಿಅಂಶವನ್ನು ರಾಜ್ಯ ಸಂಗ್ರಹಿಸಿರಲಿಲ್ಲ. ಆಗ ಸರ್ಕಾರ ಸಿಟ್ಟಿನಲ್ಲಿ ಸುಗ್ರೀವಾಜ್ಞೆ ಬರೆಯಲಿಲ್ಲ. ರತ್ನಪ್ರಭಾ ಸಮಿತಿ ಮಾಡಿ, ಇಲಾಖೆವಾರು ಲೆಕ್ಕ ತೆಗೆಸಿ, ಆಮೇಲೆ ಹೊಸ ಕಾಯ್ದೆ ತಂದಿತು. ರಾಷ್ಟ್ರಪತಿ ಅಂಕಿತವೂ ಬಿತ್ತು. 2019ರ ಮೇ 10ಕ್ಕೆ ಅದೇ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 1991ರಲ್ಲಿ ಗೋಡೆಗೆ ತಲೆ ಹೊಡೆದುಕೊಂಡ ರಾಜ್ಯ 2018ರಲ್ಲಿ ಬಾಗಿಲು ಎಲ್ಲಿದೆ ಅಂತ ನೋಡಿಕೊಂಡು ಹೋಗಿತ್ತು.

ಸಂಶಯಾತ್ಮ

ಇದು ನನಗೆ ಗೊತ್ತಿರಲಿಲ್ಲ. ಒಪ್ಪಿದೆ, ಅರ್ಧ. ಅಂಕಿಅಂಶ ಬೇಕಾದಾಗ ಸಮಿತಿ ಮಾಡಿ ಬೇಕಾದ ಅಂಕಿಅಂಶ ತರಿಸೋದೂ ಒಂದು ಕಲೆ, ಅದರ ಬಗ್ಗೆ ಇನ್ನೊಂದು ದಿನ.

ತಯಾರಿಯಲ್ಲಿದ್ದೇನೆ

ಕೊನೇ ಪ್ರಶ್ನೆ. ಹಾಗಾದರೆ ಈಗ ತಪ್ಪಾಗಿ ಇಳಿಸಿದ ಸರ್ಕಾರವನ್ನು ಕೋರ್ಟ್ ಯಾವಾಗಲೂ ವಾಪಸ್ ಕೂರಿಸುತ್ತದಾ?

ಕಪ್ಪುಕೋಟು

ಇಲ್ಲ. 2016ರ ಜುಲೈನಲ್ಲಿ ಅರುಣಾಚಲದಲ್ಲಿ ಹಳೇ ಸರ್ಕಾರವನ್ನೇ ವಾಪಸ್ ತಂದರು, ಆದರೆ ವಾಪಸ್ ಬಂದ ಮುಖ್ಯಮಂತ್ರಿ ತುಕಿಯವರ ಹಿಂದೆ ಶಾಸಕರು ಇರಲಿಲ್ಲ, ಕೆಲವೇ ದಿನದಲ್ಲಿ ಪೆಮಾ ಖಂಡು ಬಂದರು. ಮಹಾರಾಷ್ಟ್ರದ ಕೇಸು ಇನ್ನೂ ವಿಚಿತ್ರ. ಬಲಪರೀಕ್ಷೆಗೆ ಕರೆದ ರಾಜ್ಯಪಾಲರ ನಿರ್ಧಾರವೇ ಸರಿಯಿರಲಿಲ್ಲ ಅಂತ 2023ರ ಮೇ 11ಕ್ಕೆ ಸಂವಿಧಾನ ಪೀಠ ಹೇಳಿತು. ಆದರೂ ಆಗ ಮುಖ್ಯಮಂತ್ರಿಯಾಗಿದ್ದ ಉದ್ಧವ್ ಠಾಕ್ರೆ ವಾಪಸ್ ಬರಲಿಲ್ಲ. ಯಾಕೆ? ಬಲಪರೀಕ್ಷೆ ಎದುರಿಸದೆ ತಾವೇ ರಾಜೀನಾಮೆ ಕೊಟ್ಟಿದ್ದರು. ಬಿಟ್ಟುಹೋದ ಕುರ್ಚಿಯನ್ನು ಕೋರ್ಟು ಎಳೆದು ತಂದು ಕೊಡುವುದಿಲ್ಲ. ಈಗ ಯಾವ ಮುಖ್ಯಮಂತ್ರಿ ಬಂದು ಕೇಳಿದರೂ ಸಲಹೆ ಒಂದೇ: ಸೋಲುವುದಾದರೂ ಸದನದಲ್ಲಿ ಸೋಲಿ, ಕಾಗದದಲ್ಲಿ ಬೇಡ.

ಗಿರಮಿಟ್

ನಮ್ಮ ಬೊಮ್ಮಾಯಿಯವರು ರಾಜೀನಾಮೆ ಕೊಟ್ಟಿರಲಿಲ್ಲ ನೋಡ್ರಿ. ಟೆಲೆಕ್ಸ್ ಕೊಟ್ಟಿದ್ರು. ಆ ಟೆಲೆಕ್ಸ್ ಮ್ಯಾಲೇ ಅಲ್ಲೇನ್ರಿ ಕೇಸ್ ನಿಂತಿದ್ದು? ಸದನದಾಗ ತೋರಸ್ತೀನಿ ಅಂದವನಿಗೆ ಅವಕಾಶ ಕೊಡಲಿಲ್ಲ ಅಂತ.

ಕಟ್ಟೆಪುರಾಣ

ಸೋಮವಾರ ಮೊದಲ ಪೀರಿಯಡ್ಡೇ ಅವರ ಕ್ಲಾಸು. ಆ ಹುಡುಗಿಗೆ ಟೆಲೆಕ್ಸಿನಿಂದಲೇ ಶುರು ಮಾಡುತ್ತೇನೆ. ಮೊದಲ ಹದಿನೈದು ನಿಮಿಷ "ಟೆಲೆಕ್ಸ್ ಅಂದ್ರೇನು ಸಾರ್" ಅನ್ನೋದಕ್ಕೇ ಹೋಗುತ್ತದೆ, ಗೊತ್ತು.